ಕಡಲು ಕೊಂಡ ಊರು, ಉಳಿದವರ ಹೊಣೆ

ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದ ಸಭಾಭವನದಲ್ಲಿ ನೀಡಿದ ಉಪನ್ಯಾಸ



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದಿಬ್ಬದ ಮೇಲೆ ಮುಳಿಹುಲ್ಲಿನ ಮಾಡಿನ ಪ್ರಾರ್ಥನಾಮಂದಿರವೊಂದನ್ನು ಕಟ್ಟಿದ ಕಥೆಯನ್ನು ನಮಗಿಂತ ಮೊದಲು ಮಾತನಾಡಿದವರು ಸೊಗಸಾಗಿ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಕಡಲ್ಕೊರೆತ. ಹಬ್ಬದ ಮನೆಯಲ್ಲಿ ಇಂಥ ಮಾತೇಕೆ ಎಂದು ಒಬ್ಬಿಬ್ಬರು ಹಿತೈಷಿಗಳು ಕೇಳಿದ್ದುಂಟು. ಅವರಿಗೆ ಉತ್ತರವಾಗಿ ಕಳೆದ ಮಳೆಗಾಲದ ಒಂದು ಸಂಜೆಯನ್ನು ನೆನಪಿಸಲು ಬಯಸುತ್ತೇವೆ.

ಅಂದು ನಮ್ಮ ಪಡುವಣ ವಾಳೆಯ ಒಂದು ಮನೆಯಿಂದ ಸಾಮಾನು ಹೊರಿಸಲು ನಾವು ಕೆಲವರು ಹೋಗಿದ್ದೆವು. ಕಡಲು ಅಂಗಳದ ತುಳಸಿಗಿಡದಷ್ಟು ಹತ್ತಿರ ಬಂದಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಆ ಗಿಡ ಅವರದು, ನಾವು ತಲುಪುವ ಹೊತ್ತಿಗೆ ಅದೂ ಇರಲಿಲ್ಲ. ಪಾತ್ರೆ, ಪೆಟ್ಟಿಗೆ, ಮಂಚ ಎಲ್ಲವೂ ಹೊರಬಂದ ಮೇಲೆ ಮನೆಯ ಹಿರಿಯ ತಾಯಿ ಕೊನೆಯದಾಗಿ ಗೋಡೆಯ ಮೇಲಿನ ಶಿಲುಬೆಯನ್ನು ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡು ಬಂದರು. "ನಾವು ಯಾರಿಗೆ ಏನು ಕೆಟ್ಟದ್ದು ಮಾಡಿದ್ದೇವೆಂದು ಕಡಲು ನಮ್ಮ ಮನೆಯನ್ನೇ ಹುಡುಕಿಕೊಂಡು ಬಂತು?" ಎಂದು ಅವರು ಕೇಳಿದರು. ನಾವು ಯಾರೂ ಉತ್ತರಿಸಲಿಲ್ಲ. ಹಿಂತಿರುಗುವ ದಾರಿಯಲ್ಲಿ ನಮ್ಮವರೇ ಒಬ್ಬರು, "ಮರಳಿನ ಮೇಲೆ ಮನೆ ಕಟ್ಟಿದರೆ ಮತ್ತೇನಾಗುತ್ತದೆ? ಸುವಾರ್ತೆಯಲ್ಲೇ ಹೇಳಿದೆಯಲ್ಲ" ಎಂದರು. ಆ ತಾಯಿಯ ಪ್ರಶ್ನೆಗಿಂತ ಈ ಉತ್ತರವೇ ನಮ್ಮ ನಿದ್ದೆಗೆಡಿಸಿತು. ಯೇಸುಸ್ವಾಮಿ ತಮ್ಮ ಮಾತನ್ನು ಕೇಳಿಯೂ ನಡೆಯದವನನ್ನು ಎಚ್ಚರಿಸಲು ಹೇಳಿದ ಸಾಮತಿಯನ್ನು ನಾವು ಮನೆ ಕಳೆದುಕೊಂಡವರ ಮೇಲೆ ತೀರ್ಪಿನಂತೆ ಹೊರಿಸಬಹುದೇ? ಇಂದಿನ ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಇದಕ್ಕೆ ಉತ್ತರ ಹುಡುಕಲು ಬಹು ದೂರದ ಒಂದು ಊರಿಗೆ ನಿಮ್ಮನ್ನು ಕರೆದೊಯ್ಯುತ್ತೇವೆ. ಏಕೆಂದರೆ ಕಡಲು ನೆಲವನ್ನು ಕೊಳ್ಳುವ ರೀತಿಯನ್ನು ಸುಮಾರು ಒಂಬೈನೂರು ವರ್ಷಗಳ ಕಾಲ ದಾಖಲೆಯಲ್ಲಿ ಉಳಿಸಿಕೊಂಡು ಬಂದ ಊರು ಅದು. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತದಲ್ಲಿರುವ ಅದರ ಹೆಸರು ಡನಿಚ್. ಅಲ್ಲಿ ನಮ್ಮಲ್ಲಿರುವಂಥ ತಗ್ಗಾದ ಮರಳದಂಡೆಯಿಲ್ಲ. ಮರಳು ಮತ್ತು ಜಲ್ಲಿಯಿಂದಾದ ಎತ್ತರದ ದರೆಯೊಂದು ಕಡಲಿಗೆ ಎದುರಾಗಿ ನಿಂತಿದೆ. ಊರು ಆ ದರೆಯ ಮೇಲಿತ್ತು.

1086ರಲ್ಲಿ ವಿಲಿಯಂ ದೊರೆಯ ಆಜ್ಞೆಯಂತೆ ತಯಾರಾದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ಈ ಊರಿನ ಲೆಕ್ಕವಿದೆ. ಆಗ ಅಲ್ಲಿ ಮೂರು ದೇವಾಲಯಗಳಿದ್ದವು. ಊರವರು ಒಡೆಯನಿಗೆ ವರ್ಷಕ್ಕೆ 68,000 ಹೆರಿಂಗ್ ಮೀನುಗಳನ್ನು ಸಲ್ಲಿಸಬೇಕಿತ್ತು. ಅದೇ ದಾಖಲೆಯಲ್ಲಿ ಮತ್ತೊಂದು ಸಂಗತಿಯೂ ಇದೆ: ಹಿಂದೆ ಎರಡು ನೇಗಿಲಿನಷ್ಟಿದ್ದ ಉಳುವ ಭೂಮಿಯಲ್ಲಿ ಈಗ ಉಳಿದಿರುವುದು ಒಂದು ನೇಗಿಲಿನಷ್ಟು, ಮಿಕ್ಕದ್ದು ಕಡಲಿನ ಪಾಲಾಗಿದೆ ಎಂದು. ಕಂದಾಯದ ಕರಣಿಕನಿಗೂ ವಿಷಯ ತಿಳಿದಿತ್ತು. ಆದರೂ ಊರು ಬೆಳೆಯಿತು. ಹದಿಮೂರನೆಯ ಶತಮಾನದಲ್ಲಿ ಅದು ಇಂಗ್ಲೆಂಡಿನ ಹೆಸರಾಂತ ಬಂದರುಗಳಲ್ಲೊಂದಾಗಿತ್ತು. ಸಂತ ಪೇತ್ರರ, ಸಂತ ನಿಕೊಲಾಸರ, ಸ್ನಾನಿಕ ಸಂತ ಯೊವಾನ್ನರ, ಸಂತ ಮಾರ್ಟಿನರ, ಸಂತ ಲಿಯೊನಾರ್ಡರ, ಸಕಲ ಸಂತರ ಹೆಸರಿನ ದೇವಾಲಯಗಳು ಅಲ್ಲಿ ಎದ್ದವು. ಸಂತ ಫ್ರಾನ್ಸಿಸರ ಸಭೆಯ ಸಹೋದರರೂ ಬಂದು ಮಠ ಕಟ್ಟಿದರು.

1286 ಮತ್ತು 1287ರ ಬಿರುಗಾಳಿಗಳಲ್ಲಿ ಉಕ್ಕಿದ ಕಡಲು ಊರಿನ ಕೆಳಭಾಗವನ್ನು ಕಬಳಿಸಿತು. 1328ರ ಬಿರುಗಾಳಿ ಬಂದರಿನ ಬಾಯಿಗೆ ಜಲ್ಲಿಯ ರಾಶಿಯನ್ನೇ ತಂದು ಸುರಿಯಿತು. 1347ರಲ್ಲಿ ನಾನ್ನೂರರಷ್ಟು ಮನೆಗಳು ಹೋದವೆಂದು ಹೇಳುತ್ತಾರೆ. ಬಂದರು ಮುಚ್ಚಿದ ಮೇಲೆ ವ್ಯಾಪಾರ ಹೋಯಿತು. ವ್ಯಾಪಾರ ಹೋದ ಮೇಲೆ ಕಡಲನ್ನು ತಡೆಯಲು ಬೇಕಾದ ಹಣವೂ ಹೋಯಿತು. ಮುಂದಿನ ಶತಮಾನಗಳಲ್ಲಿ ದೇವಾಲಯಗಳು ಒಂದರ ಹಿಂದೆ ಒಂದರಂತೆ ದರೆಯಿಂದ ಉರುಳಿದವು. ಸಂತ ಪೇತ್ರರ ದೇವಾಲಯ ಹದಿನೇಳನೆಯ ಶತಮಾನದ ಕೊನೆಗೆ ಹೋಯಿತು. ಒಂದು ಕಾಲಕ್ಕೆ ಕಡಲಿನಿಂದ ಎಲ್ಲಕ್ಕಿಂತ ದೂರದಲ್ಲಿದ್ದ ಸಕಲ ಸಂತರ ದೇವಾಲಯವೊಂದೇ ಉಳಿಯಿತು. 1750ರ ದಶಕದಲ್ಲಿ ಅದರಲ್ಲೂ ಪೂಜೆ ನಿಂತಿತು. 1904ರಲ್ಲಿ ದರೆಯ ಅಂಚು ಅದರ ಗೋಡೆಯನ್ನು ಮುಟ್ಟಿತು. ಅಲ್ಲಿಂದ ಹದಿನೈದು ವರ್ಷಗಳ ಕಾಲ ಅದು ತುಂಡುತುಂಡಾಗಿ ಬೀಳುತ್ತಲೇ ಇತ್ತು. ಜನರು ದೂರದ ಊರುಗಳಿಂದ ಬಂದು ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. 1919ರಲ್ಲಿ ಗೋಪುರವೂ ಹೋಯಿತು. ಹಳೆಯ ಸಮಾಧಿಭೂಮಿಯ ಮಣ್ಣು ಜಾರಿದಂತೆ ದರೆಯ ಮೈಯಲ್ಲಿ ಮೃತರ ಎಲುಬುಗಳು ಕಾಣಿಸಿಕೊಂಡದ್ದೂ ಉಂಟು.

ಬಂಧುಗಳೇ, ಪಟ್ಟಣದ ಬಹುಭಾಗ ನೀರಿನಡಿಯಲ್ಲಿದ್ದರೂ 1832ರವರೆಗೆ ಡನಿಚ್ ಲಂಡನ್ನಿನ ಸಂಸತ್ತಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುತ್ತಿತ್ತು. ಮತದಾರರು ಮೂವತ್ತೆರಡು ಮಂದಿ! ಕಾಗದದ ಮೇಲೆ ಊರು ಪೂರ್ತಿಯಾಗಿತ್ತು, ನೆಲದ ಮೇಲೆ ಇರಲಿಲ್ಲ. ಇದನ್ನು ಕೇಳಿ ನಗು ಬರುತ್ತದೆ. ಆದರೆ ನಮ್ಮ ಪಡುವಣ ವಾಳೆಯಲ್ಲೂ ಪಹಣಿಯಲ್ಲಿ ತೆಂಗಿನ ತೋಟವಿದ್ದು ನೆಲದಲ್ಲಿ ನೀರು ಮಾತ್ರ ಇರುವ ಕುಟುಂಬಗಳಿವೆ ಎಂಬುದು ನೆನಪಾದಾಗ ಆ ನಗು ನಿಲ್ಲುತ್ತದೆ.

ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡೇವಿಡ್ ಸಿಯರ್ ಅವರ ತಂಡ 2008ರಿಂದ ಶಬ್ದತರಂಗಗಳ ನೆರವಿನಿಂದ ಆ ಕಡಲತಳವನ್ನು ಶೋಧಿಸಿ ಮುಳುಗಿದ ದೇವಾಲಯಗಳ ಕಲ್ಲುಗಳನ್ನು ಗುರುತಿಸಿತು. ಬಿರುಗಾಳಿಯ ರಾತ್ರಿಗಳಲ್ಲಿ ನೀರಿನಡಿಯಿಂದ ಗಂಟೆಗಳ ನಾದ ಕೇಳುತ್ತದೆಂದು ಅಲ್ಲಿಯವರು ಹೇಳುವುದುಂಟು. ಕಥೆ ಇಂಪಾಗಿದೆ. ಆದರೆ ಅಲ್ಲಿ ಕಡಲಿಗೆ ಹೋದದ್ದು ಗಂಟೆಗಳು ಮಾತ್ರವಲ್ಲ. ಜ್ಞಾನಸ್ನಾನ, ಮದುವೆ, ಮರಣಗಳೆಲ್ಲ ನಡೆದ ಮನೆಗಳು ಹೋದವು. ಆ ಮನೆಗಳವರು ಎಲ್ಲಿ ಹೋದರೆಂದು ಹೇಳುವ ಕಥೆಯೊಂದೂ ಉಳಿದಿಲ್ಲ.

ಈಗ ಹಿಂದಿನ ಪ್ರಶ್ನೆಗೆ ಬರೋಣ. ಡನಿಚ್ಚಿನವರು ಮೂಢರಾಗಿದ್ದರೇ? ಸಕಲ ಸಂತರ ದೇವಾಲಯವನ್ನು ಕಟ್ಟಿದವರು ಅದನ್ನು ದರೆಯ ಅಂಚಿನಲ್ಲಿ ಕಟ್ಟಲಿಲ್ಲ. ಅವರ ಕಾಲಕ್ಕೂ ಕಡಲಿಗೂ ನಡುವೆ ಬೀದಿಗಳಿದ್ದವು, ಸಂತೆಯಿತ್ತು, ಬೇರೆ ದೇವಾಲಯಗಳಿದ್ದವು. ಅವರು ಅಂಚಿಗೆ ಹೋದದ್ದಲ್ಲ. ಅಂಚೇ ಅವರಲ್ಲಿಗೆ ಬಂದದ್ದು. ನಮ್ಮ ಬಾಲ್ಯದಲ್ಲಿ ಪಡುವಣ ವಾಳೆಯ ಆ ಮನೆಗೂ ಕಡಲಿಗೂ ನಡುವೆ ಮೂರು ಸಾಲು ತೆಂಗು, ಅದರಾಚೆ ಗಾಳಿಮರದ ತೋಪು, ಅದರಾಚೆ ದೋಣಿಗಳನ್ನು ಎಳೆದಿಡುವ ವಿಶಾಲ ಬಯಲು ಇದ್ದುದನ್ನು ಇಲ್ಲಿರುವ ಹಿರಿಯರೆಲ್ಲ ಬಲ್ಲರು. ಅಂಥ ಮನೆಯವರನ್ನು ಮರಳಿನ ಮೇಲೆ ಮನೆ ಕಟ್ಟಿದ ಮೂಢರೆಂದು ಕರೆಯುವುದು ಸತ್ಯಕ್ಕೆ ದೂರವಾದ ಮಾತು.

ಹಾಗಾದರೆ ದರೆಯೇಕೆ ಬೀಳುತ್ತದೆ, ದಂಡೆಯೇಕೆ ಸವೆಯುತ್ತದೆ? ಇದರಲ್ಲಿ ಶಾಪವೂ ಇಲ್ಲ, ಮಾಟವೂ ಇಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ದರೆಗಳು ಗಟ್ಟಿ ಬಂಡೆಯವಲ್ಲ. ಹಲವೆಡೆ ಹಿಮಯುಗದಲ್ಲಿ ಹಿಮನದಿಗಳು ಬಿಟ್ಟುಹೋದ ಜೇಡಿ, ಮರಳು, ಜಲ್ಲಿಗಳ ರಾಶಿ ಅವು. ಅವುಗಳಿಗೆ ಶತ್ರುಗಳು ಇಬ್ಬರು. ಬುಡವನ್ನು ಕಡೆಯುವ ತೆರೆ ಒಬ್ಬ. ಮೇಲಿನಿಂದ ಇಳಿದು ಒಳಗೆ ಸೇರಿ ಮಣ್ಣನ್ನು ಭಾರವಾಗಿಸಿ ಸಡಿಲಿಸುವ ಮಳೆನೀರು ಇನ್ನೊಬ್ಬ. ಬುಡ ಟೊಳ್ಳಾದ ದರೆ ಒಂದು ದಿನ ಒಮ್ಮೆಲೇ ಜಾರುತ್ತದೆ. ಬಿದ್ದ ಮಣ್ಣು ಕೆಲವು ಕಾಲ ಬುಡಕ್ಕೆ ಒತ್ತಾಗಿ ನಿಲ್ಲುತ್ತದೆ. ತೆರೆ ಅದನ್ನು ಒಯ್ದ ಮೇಲೆ ಮತ್ತೆ ಅದೇ ಕೆಲಸ ಮೊದಲಾಗುತ್ತದೆ. ಯಾರ್ಕ್‌ಶೈರಿನ ಹೋಲ್ಡರ್‌ನೆಸ್ ಎಂಬಲ್ಲಿ ಈ ದರೆ ಸರಾಸರಿ ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರಿನಷ್ಟು ಹಿಂದೆ ಸರಿಯುತ್ತಿದೆ. ರೋಮನರ ಕಾಲದಿಂದೀಚೆಗೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಊರುಗಳು ಕಡಲು ಸೇರಿವೆ.

ನಮ್ಮ ದಂಡೆಗೂ ಆ ದರೆಗೂ ಒಂದು ವ್ಯತ್ಯಾಸವಿದೆ. ಮಳೆಗಾಲದ ದೊಡ್ಡ ತೆರೆಗಳು ನಮ್ಮ ದಂಡೆಯ ಮರಳನ್ನು ಎಳೆದು ಒಳಗಡಲಿನ ದಿಬ್ಬವಾಗಿ ಇಡುತ್ತವೆ. ಕಡಲು ಶಾಂತವಾದ ತಿಂಗಳುಗಳಲ್ಲಿ ಅದರಲ್ಲಿ ಬಹುಪಾಲು ದಂಡೆಗೆ ಮರಳುತ್ತದೆ. ಅದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ದರೆಯ ಮಣ್ಣಾದರೋ ಹೋದರೆ ಹೋಯಿತು. ಆದರೆ ನಮ್ಮಲ್ಲಿಯೂ ಮರಳು ಹಿಂತಿರುಗುತ್ತದೆಯೇ ಹೊರತು, ಬಿದ್ದ ಮನೆ ಹಿಂತಿರುಗುವುದಿಲ್ಲ. ಹಿಂತಿರುಗಬೇಕಾದ ಮರಳನ್ನು ನಾವು ದಾರಿಯಲ್ಲೇ ತಡೆದರೆ ದಂಡೆಯೂ ಹಿಂತಿರುಗುವುದಿಲ್ಲ.

ಇಲ್ಲಿ ನಾವು ಮನಸ್ಸಿಟ್ಟು ಕೇಳಬೇಕಾದ ಒಂದು ನಿಯಮವಿದೆ. ಕಡಲತೀರದ ಮರಳು ಒಂದೆಡೆ ನಿಲ್ಲುವ ಆಸ್ತಿಯಲ್ಲ. ತೆರೆಗಳು ಅದನ್ನು ದಂಡೆಯುದ್ದಕ್ಕೂ ಒಯ್ಯುತ್ತಲೇ ಇರುತ್ತವೆ. ಒಬ್ಬನ ದರೆಯಿಂದ ಬಿದ್ದದ್ದು ನೆರೆಯವನ ದಂಡೆಯಾಗುತ್ತದೆ. ಹೀಗಿರುವಾಗ ಒಬ್ಬನು ತನ್ನ ಮುಂದೆ ಮಾತ್ರ ಗೋಡೆ ಕಟ್ಟಿದರೆ ನೆರೆಯವನಿಗೆ ಬರಬೇಕಾದ ಮರಳು ಬರುವುದಿಲ್ಲ. ಹೋಲ್ಡರ್‌ನೆಸ್ಸಿನ ಮ್ಯಾಪಲ್ಟನ್ ಎಂಬ ಹಳ್ಳಿಯನ್ನೂ ಅದರ ಹೆದ್ದಾರಿಯನ್ನೂ ಉಳಿಸಲು 1991ರಲ್ಲಿ ಕಡಲೊಳಗೆ ಕಲ್ಲಿನ ಎರಡು ಅಡ್ಡದಂಡೆಗಳನ್ನು ಚಾಚಿದರು. ಹಳ್ಳಿ ಉಳಿಯಿತು. ಅದರ ದಕ್ಷಿಣದ ಕೌಡನ್ ಎಂಬಲ್ಲಿ ದರೆ ಮೊದಲಿಗಿಂತ ವೇಗವಾಗಿ ಕುಸಿಯತೊಡಗಿ ಒಕ್ಕಲಿನ ಮನೆಗಳು ಹೋದವು. ನಮ್ಮ ಕಡೆಯೂ ಇದೇ ಪಾಠ ದೊರೆತಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಎರಡೂ ಮಗ್ಗುಲಿಗೆ 1990ರ ದಶಕದಲ್ಲಿ ತೆರೆತಡೆಗಳು ಬಂದವು. ದೋಣಿಗಳಿಗೆ ಅದರಿಂದ ಅನುಕೂಲವಾದುದು ನಿಜ. ದಕ್ಷಿಣದ ಉಳ್ಳಾಲದಲ್ಲಿ ಕೊರೆತ ಬಲವಾದುದೂ ನಿಜ. ಮುಂದೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸಿ ತೆರೆಗಳ ಬಲ ಕುಗ್ಗಿಸುವ ಕೆಲಸ ನಡೆಯಿತು. ಕಲ್ಲು ಹಾಕುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಕಲ್ಲು ಎಲ್ಲಿ ಬೀಳುತ್ತದೆ ಎಂಬುದರ ಜೊತೆಗೆ, ಅದರ ಫಲ ಯಾರ ಅಂಗಳದಲ್ಲಿ ಬೀಳುತ್ತದೆ ಎಂಬುದನ್ನೂ ಕೇಳಬೇಕೆಂದಷ್ಟೇ ಹೇಳುತ್ತಿದ್ದೇವೆ.

ಭಾರತದ ಮುಖ್ಯ ಭೂಭಾಗದ ಕಡಲತೀರದಲ್ಲಿ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಪರಿಶೀಲಿಸಿದಾಗ ಮೂರರಲ್ಲಿ ಒಂದಂಶ ತೀರ ಸವೆಯುತ್ತಿರುವುದು ಕಂಡುಬಂತು. ನಾಲ್ಕರಲ್ಲಿ ಒಂದಂಶಕ್ಕಿಂತ ತುಸು ಹೆಚ್ಚು ತೀರ ಬೆಳೆಯುತ್ತಲೂ ಇದೆ. ಅಂದರೆ ಒಬ್ಬರ ನಷ್ಟ, ಇನ್ನೊಬ್ಬರ ಲಾಭ ಎರಡೂ ಒಂದೇ ಕಡಲಿನಲ್ಲಿವೆ. ಇದರ ಮೇಲೆ ಲೋಕದ ಬಿಸಿ ಏರಿ ಕಡಲಮಟ್ಟವೂ ಏರುತ್ತಿದೆ. ಈ ಏರಿಕೆಗೆ ಕಾರಣವಾದ ಹೊಗೆಯಲ್ಲಿ ಪಡುವಣ ವಾಳೆಯ ಆ ತಾಯಿಯ ಒಲೆಯ ಪಾಲೆಷ್ಟು? ಆದುದರಿಂದ ಅವರು ಕೇಳಿದ ಪ್ರಶ್ನೆಗೆ ಇಂದು ಈ ಸಭೆಯಲ್ಲಿ ಉತ್ತರ ಹೇಳುತ್ತೇವೆ: ಅಮ್ಮಾ, ನೀವು ಯಾರಿಗೂ ಕೆಟ್ಟದ್ದು ಮಾಡಿಲ್ಲ.

ಕಾರಣ ಅಂಚಿನ ಮನೆಯವರಲ್ಲಿ ಇಲ್ಲವೆಂದಾದ ಮೇಲೆ ಹೊರೆಯೂ ಅವರೊಬ್ಬರದಾಗಬಾರದು. ಆದರೆ ಲೋಕದ ವ್ಯವಸ್ಥೆ ಹಾಗಿಲ್ಲ. ಶ್ರೀಮಂತ ದೇಶವಾದ ಇಂಗ್ಲೆಂಡಿನಲ್ಲಿಯೂ ಕಡಲಿಗೆ ಮನೆ ಹೋದವನಿಗೆ ಪರಿಹಾರ ಪಡೆಯುವ ಹಕ್ಕು ಕಾನೂನಿನಲ್ಲಿಲ್ಲ. ನಾರ್ಫೋಕ್ ಪ್ರಾಂತದಲ್ಲಿ ಹ್ಯಾಪಿಸ್‌ಬರ್ಗ್ ಎಂದು ಬರೆದು ಹೇಜ್‌ಬ್ರೊ ಎಂದು ಕರೆಯುವ ಹಳ್ಳಿಯೊಂದಿದೆ. ಅಲ್ಲಿ 1950ರ ದಶಕದ ಕೊನೆಯಲ್ಲಿ ನೆಟ್ಟ ಮರದ ತಡೆಗಳು 1990ರ ದಶಕದಲ್ಲಿ ಮುರಿದುಬಿದ್ದವು. ಅವನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ ತಕ್ಕಷ್ಟು ಆಸ್ತಿ ಅಲ್ಲಿಲ್ಲವೆಂಬ ಲೆಕ್ಕ ಬಂತು. ಬೀಚ್ ರೋಡ್ ಎಂಬ ಬೀದಿಯ ಮನೆಗಳು ಒಂದೊಂದಾಗಿ ಹೋದವು. ಅದೇ ಪ್ರಾಂತದ ಹೆಮ್ಸ್‌ಬಿಯಲ್ಲಿ 2013ರ ಡಿಸೆಂಬರ್ 5ರ ಒಂದೇ ರಾತ್ರಿಯಲ್ಲಿ ಹಲವು ಮನೆಗಳು ನಾಶವಾದವು. ಜೀವಮಾನವಿಡೀ ಸಾಲ ತೀರಿಸಿ ಕೊಂಡ ಮನೆಗೆ ಕೊನೆಗೆ ಬೆಲೆಯೇ ಇಲ್ಲ. ಬೀಳುವ ಮೊದಲು ಅದನ್ನು ಕೆಡವುವ ಖರ್ಚು ಬೇರೆ.

ಹೇಜ್‌ಬ್ರೊದಲ್ಲಿ ಮುಂದೆ ನಡೆದುದನ್ನೂ ಹೇಳಬೇಕು. ಸರಕಾರ 2009ರಲ್ಲಿ ಆರಂಭಿಸಿದ ಪ್ರಾಯೋಗಿಕ ಯೋಜನೆಯೊಂದರ ಹಣದಿಂದ ಅಲ್ಲಿನ ಸ್ಥಳೀಯ ಆಡಳಿತ ಬೀಚ್ ರೋಡಿನ ಅಂಚಿನ ಒಂಬತ್ತು ಮನೆಗಳನ್ನು ಕೊಂಡುಕೊಂಡಿತು. ಅದು ಪೂರ್ಣ ಬೆಲೆಯಲ್ಲದಿದ್ದರೂ ಬರಿಗೈಯಲ್ಲಿ ಕಳುಹಿಸುವ ಮಾತಾಗಿರಲಿಲ್ಲ. 2012ರಲ್ಲಿ ಆ ಮನೆಗಳನ್ನು ತೆಗೆದು, ಒಳನಾಡಿನಲ್ಲಿ ಅವುಗಳಿಗೆ ಬದಲಾಗಿ ಮನೆ ಕಟ್ಟಲು ಅವಕಾಶ ಕಲ್ಪಿಸಿದರು. ಮನೆ ಬಿದ್ದ ಮೇಲೆ ಕಂಬಳಿ ಹಂಚುವುದಕ್ಕೂ, ಬೀಳುವ ಮೊದಲು ಜಾಗ ಹುಡುಕುವುದಕ್ಕೂ ಎಷ್ಟು ಅಂತರ!

ನಮ್ಮ ದೇಶದಲ್ಲಿ ಬಹುಕಾಲ ಕೊರೆತವನ್ನು ಪ್ರವಾಹ, ಚಂಡಮಾರುತಗಳ ಸಾಲಿಗೆ ಸೇರಿಸಿ ನೋಡುತ್ತಿರಲಿಲ್ಲ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ನದಿ ಮತ್ತು ಕಡಲಕೊರೆತವನ್ನು ತಗ್ಗಿಸಲು 1,500 ಕೋಟಿ ರೂಪಾಯಿಗಳನ್ನೂ, ನಿರ್ವಸಿತರಾದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನೂ ಮೀಸಲಿಡಲು ಶಿಫಾರಸು ಮಾಡಿತು. ಕಲ್ಲಿಗೆ ಮಾತ್ರವಲ್ಲ, ಮನುಷ್ಯನಿಗೂ ಹಣ ಬೇಕೆಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಸರಕಾರದ ಹಣ ಬಾಗಿಲಿಗೆ ಬರಬೇಕಾದರೆ ಬಾಗಿಲಿಗೆ ದಾಖಲೆ ಬೇಕು. ಹಕ್ಕುಪತ್ರವಿಲ್ಲದ ಮನೆ ಬಿದ್ದರೆ ಕಾಗದದ ಲೆಕ್ಕದಲ್ಲಿ ಏನೂ ಬಿದ್ದಂತಾಗುವುದಿಲ್ಲ.

ಮತ್ತೊಮ್ಮೆ ಡನಿಚ್ಚಿಗೆ ಹೋಗಿ ನಮ್ಮ ಮಾತನ್ನು ಮುಗಿಸುತ್ತೇವೆ. ಫ್ರಾನ್ಸಿಸ್ಕನ್ ಸಹೋದರರ ಮಠದ ವಿಷಯ ಹೇಳಿದೆವಷ್ಟೆ. 1286 ಮತ್ತು 87ರ ಬಿರುಗಾಳಿಗಳ ನಂತರ ಅವರು ಹಳೆಯ ಸ್ಥಳಕ್ಕೆ ಅಂಟಿಕೊಂಡು ಕೂರಲಿಲ್ಲ. ಊರವರು ಒಳಭಾಗದಲ್ಲಿ ಬೇರೆ ನೆಲ ಕೊಟ್ಟರು. 1290ರ ಹೊತ್ತಿಗೆ ಸಹೋದರರು ಅಲ್ಲಿಗೆ ಸಾಗಿದರು. 1538ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಆ ಮಠ ಮುಚ್ಚಿತು. ಕಡಲು ಮುಟ್ಟದುದನ್ನು ಅರಸನ ಆಜ್ಞೆ ಮುಟ್ಟಿತು. ಆದರೂ ಅದರ ಪ್ರಾಕಾರದ ಗೋಡೆಗಳು ಇಂದಿಗೂ ನಿಂತಿವೆ. ಅಲುಗಾಡದೆ ನಿಂತ ದೊಡ್ಡ ದೇವಾಲಯಗಳು ಕಡಲಿನಲ್ಲಿವೆ. ಎದ್ದು ನಡೆದ ಬಡ ಸಹೋದರರ ಗೋಡೆ ನೆಲದ ಮೇಲಿದೆ. ಅವರಿಗೆ ಎದ್ದು ನಡೆಯಲು ಸಾಧ್ಯವಾದುದು ಊರು ನೆಲ ಕೊಟ್ಟುದರಿಂದ ಎಂಬುದನ್ನು ಮರೆಯಬಾರದು. ಮುಂದೆ 1832ರಲ್ಲಿ ಆಂಗ್ಲ ಧರ್ಮಸಭೆಯವರೂ ಕಡಲಿನಿಂದ ದೂರದಲ್ಲಿ ಸಂತ ಯಾಕೋಬರ ಹೆಸರಿನಲ್ಲಿ ಹೊಸ ದೇವಾಲಯ ಕಟ್ಟಿದರು. ಸಕಲ ಸಂತರ ದೇವಾಲಯ ಬೀಳುತ್ತಿದ್ದಾಗ ಉಳಿಸಿಕೊಂಡ ಅದರ ಒಂದು ಆನೆಗಾಲು ಗೋಡೆ ಈಗ ಆ ಹೊಸ ದೇವಾಲಯದ ಅಂಗಳದಲ್ಲಿದೆ. ಇಡೀ ದೇವಾಲಯದಲ್ಲಿ ನೆಲದ ಮೇಲೆ ಉಳಿದದ್ದು ಹೊತ್ತು ತಂದ ಅಷ್ಟೇ ಕಲ್ಲು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಮೂರು ಸಣ್ಣ ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಅಳತೆ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮತ್ತು ಮಳೆಗಾಲದ ನಂತರ ನಮ್ಮ ಯುವಕ ಯುವತಿಯರು ಪಡುವಣ ವಾಳೆಯ ಗೊತ್ತಾದ ಕಲ್ಲುಗಳಿಂದ ನೀರಿನ ಅಂಚಿನವರೆಗೆ ಹಗ್ಗ ಹಿಡಿದು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಲಿ. ನೂರು ವರ್ಷ ಜ್ಞಾನಸ್ನಾನದ ದಾಖಲೆಯನ್ನು ತಪ್ಪದೆ ಬರೆದ ಧರ್ಮಕೇಂದ್ರಕ್ಕೆ ಇದು ಕಷ್ಟವಲ್ಲ. ಎರಡನೆಯದು, ಕಾಗದಪತ್ರ. ಅಂಚಿನ ಪ್ರತಿಯೊಂದು ಮನೆಯ ಹಕ್ಕುಪತ್ರ, ಪಡಿತರ ಚೀಟಿ, ತೆರಿಗೆ ರಸೀದಿಗಳನ್ನು ಸರಿಪಡಿಸಿಕೊಡಲು ನಮ್ಮಲ್ಲಿರುವ ವಕೀಲರೂ ನಿವೃತ್ತ ನೌಕರರೂ ವಾರಕ್ಕೊಂದು ಸಂಜೆ ಕೊಡಲಿ. ಮೂರನೆಯದು, ನೆಲ. ಉತ್ಸವಕ್ಕೆಂದು ಕೂಡಿಸಿದ ನಿಧಿಯಿಂದ ಹೊಸ ಮಹಾದ್ವಾರ ಕಟ್ಟುವ ಯೋಚನೆ ಇದೆಯೆಂದು ಕೇಳಿದ್ದೇವೆ. ದ್ವಾರ ಮುಂದಿನ ವರ್ಷವೂ ಕಟ್ಟಬಹುದು. ಆ ನಿಧಿಯ ಮೊದಲ ಪಾಲು ಒಳನಾಡಿನಲ್ಲಿ ಕೆಲವು ಸೆಂಟ್ಸ್ ಜಾಗಕ್ಕಾಗಿ ಮೀಸಲಾಗಲಿ. ಮುಂದಿನ ಮಳೆಗಾಲದಲ್ಲಿ ಮನೆ ಬಿಡಬೇಕಾದವರು ಎಲ್ಲಿಗೆ ಹೋಗುವುದೆಂದು ಮೊದಲೇ ತಿಳಿದಿರಲಿ. ಅಲ್ಲಿರುವ ಮೊಗವೀರ ಬಂಧುಗಳೂ ಬ್ಯಾರಿ ಬಂಧುಗಳೂ ಈ ಯೋಚನೆಯಲ್ಲಿ ನಮ್ಮ ಜೊತೆಗಿರಲಿ. ಕಡಲು ಯಾರ ಮನೆಯ ಮುಂದೆಯೂ ಜಾತಿ ಮತ ಕೇಳಿ ನಿಲ್ಲುವುದಿಲ್ಲ, ನಾವೂ ಕೇಳಬಾರದು.

ಹೀಗೆ ಮಾಡಿದರೆ ಕಡಲು ನಿಲ್ಲುವುದೇ ಎಂದು ಕೇಳಬಹುದು. ನಿಲ್ಲುವುದಿಲ್ಲ. ಆದರೆ ಕಡಲು ಬರುತ್ತದೆಂಬುದು ಗೊತ್ತಿದ್ದೂ ನೋಡುತ್ತಾ ನಿಂತವರ ಸಾಲಿನಲ್ಲಿ ನಾವು ಸೇರುವುದಿಲ್ಲ. ಸಾಮತಿಯ ಬಂಡೆ ಯಾವುದೆಂದು ನಾವು ಬಹಳ ಸಲ ಯೋಚಿಸಿದ್ದೇವೆ. ಕೇಳಿದ ಮಾತಿನಂತೆ ನಡೆಯುವವನೇ ಬಂಡೆಯ ಮೇಲೆ ಕಟ್ಟಿದವನಾದರೆ, ಪರೀಕ್ಷೆ ಅಂಚಿನಲ್ಲಿರುವವರಿಗಲ್ಲ, ದಿಬ್ಬದ ಮೇಲಿರುವ ನಮಗೆ.

ಆ ತಾಯಿ ಸೆರಗಿನಲ್ಲಿ ಸುತ್ತಿ ತಂದ ಶಿಲುಬೆ ಈಗ ಬಾಡಿಗೆಯ ಕೋಣೆಯೊಂದರಲ್ಲಿದೆ. ಅದು ಮತ್ತೆ ಸ್ವಂತ ಗೋಡೆಯ ಮೇಲೆ ಏರುವ ದಿನ ನಮ್ಮ ಶತಮಾನೋತ್ಸವ ಪೂರ್ಣವಾಯಿತೆಂದು ಭಾವಿಸುತ್ತೇವೆ.  ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.